ಇಳಿಯುವ ದಾರಿಗೂ ಸ್ವಲ್ಪ ಉಳಿಸಿಕೊಳ್ಳಿ
ಚಾರಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆ ಕಡಿಮೆಯಾಗಿ ಗುಡ್ಡದ ದಾರಿಗಳು ಮತ್ತೆ ತೆರೆಯುತ್ತಿವೆ. ಪತ್ರಗಳೂ ಜಾಸ್ತಿ ಬಂದಿವೆ. ಹೊಸ ಓದುಗರಿಗೆ ಒಂದು ಮಾತು: ನಾನು ಕಳಸದ ಕಡೆಯವಳು. ಕಾಫಿ, ಏಲಕ್ಕಿ ತೋಟದ ಮನೆಯಲ್ಲಿ ಬೆಳೆದವಳು. ಚಾರಣಿಗರನ್ನು ಗುಡ್ಡಕ್ಕೆ ಕರೆದುಕೊಂಡು ಹೋಗುವುದೇ ನನ್ನ ಕೆಲಸ. ಕಾಲು ಉಳುಕಿದ್ದು, ದಾರಿ ತಪ್ಪಿದ್ದು, ಸುಸ್ತಾಗಿ ಕೂತುಬಿಟ್ಟಿದ್ದು, ನಾನು ನೋಡಿದ್ದೆಲ್ಲ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಇಳಿಯುವಾಗಲೇ. ಹಾಗಾಗಿ ಹತ್ತುವುದರ ಬಗ್ಗೆ ಕೇಳಿದವರಿಗೂ ಇಳಿಯುವುದರ ಬಗ್ಗೆ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ಡಿಸೆಂಬರಿನಲ್ಲಿ ಆಫೀಸಿನ ಗೆಳೆಯರ ಜತೆ ಕುಮಾರ ಪರ್ವತಕ್ಕೆ ಹೊರಟಿದ್ದೇನೆ. ಇದೇ ಮೊದಲ ಟ್ರೆಕ್ಕಿಂಗ್. ದಿನಾ ವಾಕಿಂಗಿಗೆ ಹಾಕುವ ಶೂ ಸಾಕಾ? ಬ್ಯಾಗಿನಲ್ಲಿ ಏನೇನು ಇರಬೇಕು?
– ಓದುಗರೊಬ್ಬರು, ದಾವಣಗೆರೆ

ಮೊದಲ ಚಾರಣಕ್ಕೆ ಕುಮಾರ ಪರ್ವತ ಕಷ್ಟದ ಆಯ್ಕೆ. ಶಿಖರ 1712 ಮೀಟರ್. ಹತ್ತಲು ಶುರು ಮಾಡುವ ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ. ಅಂದರೆ ಒಂದೂವರೆ ಸಾವಿರ ಮೀಟರಿಗೂ ಜಾಸ್ತಿ ಏರು. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ, ರಾಜ್ಯದಲ್ಲೇ ಎತ್ತರ. ಆದರೆ ಅಲ್ಲಿ ತುದಿಯ ಹತ್ತಿರದವರೆಗೆ ವಾಹನ ಹೋಗುತ್ತದೆ. ಇಲ್ಲಿ ಎಲ್ಲವನ್ನೂ ನಿಮ್ಮ ಕಾಲೇ ಹತ್ತಬೇಕು, ಕಾಲೇ ಇಳಿಯಬೇಕು. ಸಾಧ್ಯವಾದರೆ ಅದಕ್ಕೂ ಮೊದಲು ಒಂದೆರಡು ಭಾನುವಾರ ಹತ್ತಿರದ ಬೆಟ್ಟ ಹತ್ತಿ, ಅದೇ ಬ್ಯಾಗು, ಅದೇ ಶೂ ಹಾಕಿಕೊಂಡು.

ಶೂ ವಿಷಯ. ವಾಕಿಂಗ್ ಶೂವಿನ ಅಟ್ಟೆ ಸಪಾಟು. ಉದುರೆಲೆಯ ಮೇಲೆ, ಸಣ್ಣ ಜಲ್ಲಿಯ ಮೇಲೆ ಇಳಿಯುವಾಗ ಅದು ಹಿಡಿಯುವುದಿಲ್ಲ. ಅಟ್ಟೆಗೆ ಆಳವಾದ ಹಲ್ಲುಗಳಿರುವ ಶೂ ಬೇಕು. ಅಂಗಡಿಗೆ ಸಂಜೆ ಹೋಗಿ. ದಿನವಿಡೀ ಓಡಾಡಿ ಪಾದ ಆಗ ಸ್ವಲ್ಪ ಊದಿರುತ್ತದೆ. ಚಾರಣದ ದಿನ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಕೊಂಡು ನೋಡಿ. ಲೇಸ್ ಕಟ್ಟದೆ ಪಾದವನ್ನು ಪೂರ್ತಿ ಮುಂದೆ ತಳ್ಳಿ. ಹಿಮ್ಮಡಿಯ ಹಿಂದೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಆಮೇಲೆ ಲೇಸ್ ಕಟ್ಟಿ, ಅಂಗಡಿಯ ಮೆಟ್ಟಿಲು ಇಳಿಯಿರಿ. ಹೆಬ್ಬೆರಳು ಮುಂದಕ್ಕೆ ತಾಗಿತೋ, ಆ ಜೋಡಿ ಬೇಡ. ದಾರಿ ನಡುವಿನ ಗಿರಿಗದ್ದೆಯಿಂದ ಕೆಳಗೆ ಬರುವಷ್ಟರಲ್ಲಿ ಉಗುರು ಕಪ್ಪಾಗಿರುತ್ತದೆ. ಇಳಿಯಲು ಶುರು ಮಾಡುವ ಮೊದಲು ಲೇಸನ್ನು ಪಾದದ ಗಂಟಿನ ಹತ್ತಿರ ಇನ್ನೊಮ್ಮೆ ಬಿಗಿ ಮಾಡಿ. ಕಾಲುಗುರು ಎರಡು ದಿನ ಮೊದಲೇ ಕತ್ತರಿಸಿಕೊಳ್ಳಿ.

ವರ್ಷಗಟ್ಟಲೆ ಅಟ್ಟದ ಮೇಲಿದ್ದ ಹಳೆಯ ಟ್ರೆಕ್ಕಿಂಗ್ ಶೂವನ್ನು ನೇರವಾಗಿ ಹಾಕಿಕೊಂಡು ಬರಬೇಡಿ. ನೋಡಲು ಹೊಸದರಂತಿದ್ದರೂ ಒಳಗಿನ ಅಂಟು ಹಾಳಾಗಿರುತ್ತದೆ. ಅರ್ಧ ದಾರಿಯಲ್ಲಿ ಅಟ್ಟೆ ಕಿತ್ತು ಬಾಯಿ ಬಿಡುತ್ತದೆ. ಇದು ನಾನು ತುಂಬ ಸಲ ನೋಡಿರುವ ಸಂಗತಿ. ಅದಕ್ಕೇ ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಮಾರು ನೈಲಾನ್ ದಾರ ಇರುತ್ತದೆ. ಶೂವಿನ ಸುತ್ತ ಬಿಗಿಯಾಗಿ ಸುತ್ತಿ ಕಟ್ಟಿದರೆ ಊರು ಮುಟ್ಟಬಹುದು.

ಇನ್ನು ಬ್ಯಾಗು. ನೀರು ಒಬ್ಬರಿಗೆ ಕನಿಷ್ಠ 3 ಲೀಟರ್. ಗಿರಿಗದ್ದೆಯವರೆಗೆ ಕಾಡಿನ ನೆರಳಿದೆ. ಅರಣ್ಯ ಇಲಾಖೆಯ ತನಿಖಾ ಠಾಣೆ ದಾಟಿದ ಮೇಲೆ ಹುಲ್ಲುಗಾವಲು, ನೆತ್ತಿಯ ಮೇಲೆ ಬಿಸಿಲು. ಕಲ್ಲು ಮಂಟಪದ ಹತ್ತಿರ ನೀರು ಸಿಗುತ್ತದೆ ಎಂದು ಯಾರಾದರೂ ಹೇಳಬಹುದು. ಆ ವರ್ಷದ ಮಳೆ ನೋಡಿಕೊಂಡು ಅದು ಇರುತ್ತದೆ, ಇಲ್ಲ ಬತ್ತಿರುತ್ತದೆ. ನಂಬಿಕೊಂಡು ಖಾಲಿ ಬಾಟಲಿ ಹಿಡಿದು ಹೋಗಬೇಡಿ. ಓಆರ್‌ಎಸ್ ಪುಡಿ ಎರಡು ಪೊಟ್ಟಣ ಇಟ್ಟುಕೊಳ್ಳಿ. ಮೆಡಿಕಲ್ ಶಾಪಿನ ಪುಡಿಯೇ ಬೇಕು, ಅದರ ಹೆಸರು ಹೇಳಿಕೊಂಡು ಮಾರುವ ಜ್ಯೂಸ್ ಡಬ್ಬಿ ಬೇಡ. ಊಟಕ್ಕೆ ಚಪಾತಿ, ಚಟ್ನಿಪುಡಿ. ನಡುವೆ ಬಾಯಾಡಲು ಕಡಲೆ ಚಿಕ್ಕಿ, ಖರ್ಜೂರ.

ಹಣೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರಿಗೂ ಒಂದೊಂದು ಇರಲಿ. "ಸಂಜೆಯೊಳಗೆ ಬಂದುಬಿಡ್ತೀವಲ್ಲ" ಅನ್ನಬೇಡಿ. ಡಿಸೆಂಬರಿನಲ್ಲಿ ಆರು ಗಂಟೆಗೆ ಸೂರ್ಯ ಮುಳುಗುತ್ತಾನೆ, ದಟ್ಟ ಕಾಡಿನೊಳಗೆ ಐದೂವರೆಗೇ ಬೇರು ಯಾವುದು, ಕಲ್ಲು ಯಾವುದು ಅಂತ ಕಾಣುವುದಿಲ್ಲ. ಫೋನಿನ ಬೆಳಕು ಹಿಡಿದರೆ ಒಂದು ಕೈ ಹೋಯಿತು, ಬ್ಯಾಟರಿಯೂ ಹೋಯಿತು. ಗಾಳಿ ತಡೆಯುವ ತೆಳು ಜಾಕೆಟ್, ಒಂದು ಕ್ರೇಪ್ ಬ್ಯಾಂಡೇಜ್, ಪ್ಲಾಸ್ಟರ್, ಸೀಟಿ. ಇಷ್ಟಕ್ಕೆ ಬ್ಯಾಗ್ ತುಂಬಿತು.

ಕೊನೆಯದಾಗಿ, ತಿರುಗುವ ಸಮಯ. ಬೆಟ್ಟದ ಬುಡದಲ್ಲೇ ಎಲ್ಲರೂ ಸೇರಿ ಒಂದು ಗಂಟೆ ಗೊತ್ತುಮಾಡಿಕೊಳ್ಳಿ. ಒಂದೇ ದಿನದಲ್ಲಿ ಹೋಗಿ ಬರುವುದಾದರೆ ಮಧ್ಯಾಹ್ನ 12 ಅಂತ ಇಟ್ಟುಕೊಳ್ಳಿ. ಶೇಷ ಪರ್ವತದ ಮೇಲೆ ನಿಂತಿದ್ದೀರಿ, ಎದುರಿಗೇ ಕುಮಾರ ಪರ್ವತ ಕಾಣುತ್ತಿದೆ, ಗಡಿಯಾರ 12 ತೋರಿಸಿತು. ತಿರುಗಿ. ಅಲ್ಲಿಂದ ಮುಂದೆ ಮತ್ತೆ ಕಾಡಿಗಿಳಿದು ಹತ್ತಬೇಕು, ಬರುವಾಗ ಅದನ್ನೇ ಇನ್ನೊಮ್ಮೆ ಮಾಡಬೇಕು. ಆಮೇಲೆ ಸುಬ್ರಹ್ಮಣ್ಯದವರೆಗೆ ಮೊಣಕಾಲಿನ ಮೇಲೆ ಇಳಿಜಾರು ಬಾಕಿ ಇರುತ್ತದೆ.

ಅನುಮತಿಯನ್ನು ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗಿನಲ್ಲಿ ಮೊದಲೇ ಮಾಡಿಸಿ. 2024ರ ಜನವರಿ ಕೊನೆಯ ರಜೆಯಲ್ಲಿ ಇದೇ ದಾರಿಯಲ್ಲಿ ಸಾವಿರಾರು ಜನ ಸೇರಿದ ಮೇಲೆ ಈ ವ್ಯವಸ್ಥೆ ಗಟ್ಟಿಯಾಗಿದೆ. ಅದು ಒಳ್ಳೆಯದೇ ಆಯಿತು ಅನ್ನುವವಳು ನಾನು.

ಜಿಗಣೆ ಕಂಡರೆ ನನಗೆ ಪ್ರಾಣಭಯ. ಗೆಳತಿಯರೆಲ್ಲ ಮಳೆ ಇರುವಾಗಲೇ ಹೋಗೋಣ ಅಂತಾರೆ. ಜೀನ್ಸ್ ಹಾಕಿಕೊಂಡರೆ ಕಚ್ಚುವುದಿಲ್ಲ ಅಲ್ವಾ?
– ಕಾಲೇಜು ವಿದ್ಯಾರ್ಥಿನಿ, ಮೈಸೂರು

ನಮ್ಮ ಕಡೆ ಇಂಬಳ ಅಂತೀವಿ. ಕಚ್ಚಿದರೆ ನೋವಾಗುವುದಿಲ್ಲ, ರಕ್ತ ಮಾತ್ರ ಸ್ವಲ್ಪ ಹೊತ್ತು ಹರಿಯುತ್ತದೆ. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ, ಅದಕ್ಕೆ. ಗಾಬರಿ ಬೇಡ. ಉಗುರಿನಿಂದ ಚರ್ಮದ ಮಟ್ಟದಲ್ಲೇ ಒತ್ತಿ ಜಾರಿಸಿ ತೆಗೆಯಿರಿ, ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ನಮ್ಮ ತೋಟದ ಹೆಂಗಸರು ಹೊಗೆಸೊಪ್ಪು, ಸುಣ್ಣ ಕಾಲಿಗೆ ಸವರಿಕೊಳ್ಳುತ್ತಾರೆ. ಸಣ್ಣ ಬಟ್ಟೆಯಲ್ಲಿ ಉಪ್ಪು ಗಂಟುಕಟ್ಟಿ ಕೋಲಿನ ತುದಿಗೆ ಕಟ್ಟಿಕೊಂಡರೆ ಮುಟ್ಟಿಸಿದ ಕೂಡಲೇ ಬೀಳುತ್ತದೆ. ಪ್ಯಾಂಟನ್ನು ಉದ್ದ ಕಾಲುಚೀಲದ ಒಳಗೆ ಸೇರಿಸಿ. ನಿಂತಲ್ಲೇ ನಿಲ್ಲಬೇಡಿ, ನಡೆಯುತ್ತಿರಿ.

ನಿಮ್ಮ ಪತ್ರದಲ್ಲಿ ನನಗೆ ಭಯವಾಗಿದ್ದು ಇಂಬಳದ್ದಲ್ಲ, ಜೀನ್ಸಿನದು. ಜೀನ್ಸ್ ನೆನೆದರೆ ಮಣಭಾರ, ದಿನವಿಡೀ ಒಣಗುವುದಿಲ್ಲ. ಒದ್ದೆ ಹತ್ತಿಬಟ್ಟೆ ಮೈಗಂಟಿಕೊಂಡು, ಮೇಲೆ ಗುಡ್ಡದ ಗಾಳಿ ಬೀಸಿದರೆ, ಮೈ ಬಿಸಿ ಹೋಗುತ್ತಲೇ ಇರುತ್ತದೆ. ಬೇಗ ಒಣಗುವ ತೆಳು ಟ್ರ್ಯಾಕ್ ಪ್ಯಾಂಟ್ ಸಾಕು, ದುಬಾರಿಯದೇನೂ ಬೇಡ. ಬ್ಯಾಗಿಗೆ ಹೊರಗಿನ ಹೊದಿಕೆ ನಂಬಬೇಡಿ. ಗೊಬ್ಬರದ ಚೀಲದ ಒಳಗಿರುತ್ತದಲ್ಲ ದಪ್ಪ ಪ್ಲಾಸ್ಟಿಕ್, ಹಾಗಿನ ಒಂದು ಹೊಸ ಚೀಲವನ್ನು ಬ್ಯಾಗಿನ ಒಳಗೆ ಹಾಕಿ, ಅದರೊಳಗೆ ಒಂದು ಜತೆ ಒಣ ಬಟ್ಟೆ ಇಟ್ಟು ಬಾಯಿ ತಿರುಚಿ ಕಟ್ಟಿ. ಇಳಿದು ಬಂದು ಸೂರಿನ ಕೆಳಗೆ ನಿಲ್ಲುವವರೆಗೂ ಆ ಗಂಟು ಬಿಚ್ಚಬೇಡಿ. ದಾರಿಯಲ್ಲಿ ಬಿಚ್ಚುವುದು ಯಾರಿಗಾದರೂ ನಡುಕ ಹತ್ತಿದಾಗ ಮಾತ್ರ.

ಮಳೆಗಾಲದಲ್ಲಿ ಹಲವು ದಾರಿ ಮುಚ್ಚಿರುತ್ತವೆ. ಮುಚ್ಚಿದ್ದರೆ ಕಳ್ಳದಾರಿ ಹುಡುಕಬೇಡಿ. ಹಳ್ಳ ದಾಟುವಾಗ ನೀರು ಮೊಣಕಾಲು ಮೀರಿ ಎಳೆಯುತ್ತಿದ್ದರೆ ದಾಟಬೇಡಿ. ಮೇಲೆ ಮಳೆ ನಿಂತ ಮೇಲೆ ಹಳ್ಳ ಇಳಿಯುತ್ತದೆ, ಕಾಯಿರಿ. ಬೆಳಗ್ಗೆ ಸುಲಭವಾಗಿ ದಾಟಿದ ಹಳ್ಳ ಮಧ್ಯಾಹ್ನ ಬೇರೆಯೇ ಇರಬಹುದು.

ಮಗ ಪ್ರತಿ ವಾರ ಕಾಡು, ಗುಡ್ಡ ಅಂತ ಹೋಗುತ್ತಾನೆ. ಮಂಗನ ಕಾಯಿಲೆ ಸುದ್ದಿ ಕೇಳಿ ನಿದ್ದೆ ಬರುತ್ತಿಲ್ಲ.
– ತಾಯಿ, ಶಿವಮೊಗ್ಗ

ಅಕ್ಕಾ, ನಿಮ್ಮ ಭಯಕ್ಕೆ ಕಾರಣ ಇದೆ. ಈ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ನಿಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ, ಅಂದರೆ ಉಣ್ಣೆಯಿಂದ. ಬೇಸಿಗೆ ಮುಗಿಯುವವರೆಗಿನ ಒಣ ತಿಂಗಳುಗಳಲ್ಲಿ ಎಳೆ ಉಣುಗು ಎಲೆರಾಶಿಯಲ್ಲಿ ತುಂಬಿರುತ್ತವೆ. ಸಾಸಿವೆಗಿಂತ ಸಣ್ಣದಿರುತ್ತವೆ, ಕಣ್ಣಿಗೇ ಬೀಳುವುದಿಲ್ಲ.

ಮಗನಿಗೆ ಹೀಗೆ ಹೇಳಿ. ತುಂಬು ತೋಳು, ಪೂರ್ತಿ ಪ್ಯಾಂಟ್. ಒಣ ಎಲೆಯ ಮೇಲೆ ಕೂರುವುದು, ಮಲಗುವುದು ಬೇಡ. ಆರೋಗ್ಯ ಇಲಾಖೆಯವರು ಮಲೆನಾಡಿನ ಹಳ್ಳಿಗಳಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಹಂಚುತ್ತಾರೆ, ಸಿಕ್ಕರೆ ಹಚ್ಚಿಕೊಳ್ಳಲಿ. ಇಲ್ಲದಿದ್ದರೆ ಮೆಡಿಕಲ್ ಶಾಪಿನಲ್ಲಿ ಹುಳ ಓಡಿಸುವ ಒಳ್ಳೆಯ ಮುಲಾಮು ಇರುತ್ತದೆ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ವಾಪಸ್ ಬಂದು ಆರೋಗ್ಯ ಕೇಂದ್ರಕ್ಕೋ ಅರಣ್ಯದವರಿಗೋ ತಿಳಿಸಲಿ. ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪಿನ ಸ್ನಾನ. ಬಟ್ಟೆಯನ್ನೂ ಬಿಸಿನೀರಿಗೇ ಹಾಕಿ. ಕಿವಿಯ ಹಿಂದೆ, ಕಂಕುಳು, ತೊಡೆಸಂದಿ, ಸೊಂಟದ ಪಟ್ಟಿ, ಇಲ್ಲೆಲ್ಲ ಹುಡುಕಬೇಕು. ಉಣುಗು ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಉಜ್ಜುವುದು, ಸುಡುವುದು, ಉಗುರಿನಲ್ಲಿ ಹಿಚುಕುವುದು ಬೇಡ.

ಕಾಡಿನಿಂದ ಬಂದ ವಾರದೊಳಗೆ ದಿಢೀರ್ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಆಸ್ಪತ್ರೆಗೆ ಹೋಗಿ, "ಕಾಡಿಗೆ ಹೋಗಿದ್ದ" ಅನ್ನುವುದನ್ನು ಡಾಕ್ಟರಿಗೆ ಮೊದಲೇ ಹೇಳಿ. ಆ ಒಂದು ಮಾತಿನಿಂದ ಸರಿಯಾದ ಪರೀಕ್ಷೆ ಬೇಗ ಆಗುತ್ತದೆ.

ಹುಲ್ಲುಗುಡ್ಡದ ಮೇಲೆ ಮಂಜು ಕವಿದರೆ ಏನು ಮಾಡಬೇಕು? ಫೋನಿನಲ್ಲಿ ಮ್ಯಾಪ್ ಇದ್ದರೆ ಸಾಕಲ್ಲವೇ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಮ್ಯಾಪ್ ಬೇಕು. ಸಿಗ್ನಲ್ ಇಲ್ಲದಿದ್ದರೂ ಕೆಲಸ ಮಾಡುವಂತೆ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಗುಡ್ಡ ಹತ್ತುವಾಗ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಜಿಪಿಎಸ್ ಆಗಲೂ ಸಿಗುತ್ತದೆ, ಟವರ್ ಹುಡುಕಿ ಹುಡುಕಿ ಬ್ಯಾಟರಿ ಖಾಲಿಯಾಗುವುದು ತಪ್ಪುತ್ತದೆ. ಆದರೆ ಮಂಜಿನಲ್ಲಿ ಕೈ ಒದ್ದೆ, ಪರದೆ ಒದ್ದೆ, ಬೆರಳು ಒತ್ತಿದರೆ ಫೋನ್ ಕೇಳುವುದಿಲ್ಲ. ಹಾಗಾಗಿ ಕಣ್ಣಿಗೂ ಅಭ್ಯಾಸ ಇರಬೇಕು.

ಕುದುರೆಮುಖದ ಕಡೆ, ಬಲ್ಲಾಳರಾಯನ ದುರ್ಗದ ಕಡೆ, ಹುಲ್ಲಿನ ಮೇಲೆ ಹತ್ತಾರು ಸಣ್ಣ ದಾರಿಗಳು ಕಾಣುತ್ತವೆ. ಎಲ್ಲವೂ ಮನುಷ್ಯರ ದಾರಿ ಅಲ್ಲ. ದನ, ಕಾಟಿ, ಕಡವೆ ಓಡಾಡಿದ ದಾರಿಗಳೇ ಜಾಸ್ತಿ. ಗುರುತು ಹಿಡಿಯುವುದು ಹೀಗೆ. ಪ್ರಾಣಿಗಳ ದಾರಿ ಗುಡ್ಡದ ಸೊಂಟ ಬಳಸಿಕೊಂಡು ಅಡ್ಡಡ್ಡ ಹೋಗುತ್ತದೆ, ಕೊನೆಗೆ ನೀರಿಗೋ ಕಣಿವೆಯ ದಟ್ಟ ಶೋಲಾ ಕಾಡಿಗೋ ನುಗ್ಗುತ್ತದೆ. ಅಲ್ಲಿ ಎದೆಮಟ್ಟದಲ್ಲಿ ಕೊಂಬೆಗಳು ಅಡ್ಡ ಇರುತ್ತವೆ, ನೀವು ಬಗ್ಗಬೇಕಾಗುತ್ತದೆ. ಮನುಷ್ಯರ ದಾರಿಯಲ್ಲಿ ಆ ಎತ್ತರಕ್ಕೆ ಕೊಂಬೆ ಇರುವುದಿಲ್ಲ. ಇದ್ದರೂ ಕತ್ತಿಯಲ್ಲಿ ಓರೆಯಾಗಿ ಕಡಿದ ಗುರುತು ಕಾಣುತ್ತದೆ. ಬಂಡೆ ಸಿಕ್ಕಿದ ಕಡೆ ಕಾಲಿಟ್ಟೂ ಇಟ್ಟೂ ಕಲ್ಲು ನುಣುಪಾಗಿರುತ್ತದೆ. ಹತ್ತು ಹೆಜ್ಜೆ ನಡೆದರೂ ಇಂಥ ಗುರುತು ಸಿಗಲಿಲ್ಲವೋ, ಕಡೆಯ ಗುರುತಿಗೆ ವಾಪಸ್ ಹೋಗಿ.

ಹತ್ತುವಾಗಲೇ ಆಗಾಗ ಹಿಂದೆ ತಿರುಗಿ ನೋಡಿ. ಇಳಿಯುವಾಗ ಕಾಣುವುದು ಆ ನೋಟವೇ. ದಾರಿ ಕವಲೊಡೆದ ಕಡೆ ನಿಂತು, ಬಂದ ದಾರಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕುದುರೆಮುಖ ದಾರಿಯ ಒಂಟಿಮರದಂಥ ಗುರುತುಗಳನ್ನು ಜತೆಯವರಿಗೂ ತೋರಿಸಿ.

ಮಂಜು ಪೂರ್ತಿ ಕವಿದು ಏನೂ ಕಾಣದಿದ್ದರೆ ನಿಲ್ಲಿ. ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿ, ಜಾಕೆಟ್ ಹಾಕಿಕೊಳ್ಳಿ, ಏನಾದರೂ ತಿನ್ನಿ. ಎಷ್ಟೋ ಸಲ ಅರ್ಧ ಗಂಟೆಯಲ್ಲಿ ಗಾಳಿ ಬಂದು ಮಂಜು ಸರಿಯುತ್ತದೆ. "ದಾರಿ ನೋಡ್ಕೊಂಡು ಬರ್ತೀನಿ" ಅಂತ ಒಬ್ಬರನ್ನೇ ಕಳಿಸಬೇಡಿ. ಆಗ ಹುಡುಕಬೇಕಾದವರು ಎರಡು ಕಡೆ ಆಗುತ್ತಾರೆ.

ಇನ್ನೊಂದು ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. "ಹಳ್ಳದ ಜತೆ ಇಳಿದರೆ ಊರು ಸಿಗುತ್ತದೆ" ಅನ್ನುವ ಮಾತು ಪಶ್ಚಿಮಘಟ್ಟದಲ್ಲಿ ಅಪಾಯಕಾರಿ. ಇಲ್ಲಿ ಹಳ್ಳ ಘಟ್ಟದ ಅಂಚಿನಿಂದ ನೇರ ಕೆಳಗೆ ಬೀಳುತ್ತದೆ. ಬಲ್ಲಾಳರಾಯನ ದುರ್ಗದ ಕಡೆಯ ಹುಲ್ಲುಗಾವಲಿನಲ್ಲಿ ಸಣ್ಣಗೆ ಹರಿಯುವ ನೀರೇ ಮುಂದೆ ಬಂಡಾಜೆ ಜಲಪಾತ ಆಗುತ್ತದೆ. ಅಂಚಿನ ಕಲ್ಲಿಗೆ ಪಾಚಿ, ಎದುರಿಗೆ ಮಂಜು. ಎಲ್ಲಿ ನೆಲ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ.

ಸಹಾಯ ಬೇಕಾದರೆ ನಿಮಿಷಕ್ಕೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಡಿ, ಮತ್ತೆ ಊದಿ. ಕತ್ತಲಾದರೆ ಟಾರ್ಚಿನಲ್ಲೂ ಹಾಗೆಯೇ. 112ಕ್ಕೆ ಕರೆ ಮಾಡಿ ನೋಡಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆಯದು ಇದ್ದರೆ ತುರ್ತು ಕರೆ ಸಾಮಾನ್ಯವಾಗಿ ಹೋಗುತ್ತದೆ. ವಿದೇಶದಿಂದ ಯಾರಾದರೂ ಸ್ಯಾಟಲೈಟ್ ಫೋನ್ ತಂದುಕೊಡುತ್ತೇನೆ ಅಂದರೆ ಬೇಡ ಅನ್ನಿ. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ.

ಮಧುಗಿರಿ ಬೆಟ್ಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬೇಕು. ಬಯಲುಸೀಮೆ ಬೆಟ್ಟ, ಕಾಡೂ ಇಲ್ಲ. ವಿಶೇಷ ಎಚ್ಚರ ಬೇಕೇ?
– ಶಿಕ್ಷಕರು, ತುಮಕೂರು

ಬೇಕು ಮೇಷ್ಟ್ರೇ. ಮಧುಗಿರಿ, ಸಾವನದುರ್ಗ, ರಾಮನಗರದ ಬೆಟ್ಟಗಳಂಥ ದೊಡ್ಡ ಬಂಡೆಗಳಲ್ಲಿ ಹೆಜ್ಜೇನು ಗೂಡು ಕಟ್ಟುತ್ತವೆ. ಹೊಗೆ, ಜೋರು ಸೆಂಟು, ಕಲ್ಲು ಎಸೆಯುವುದು, ಯಾವುದೂ ಬೇಡ ಅಂತ ಮಕ್ಕಳಿಗೆ ಮೊದಲೇ ಹೇಳಿ. ಎದ್ದವೆಂದರೆ ಮುಖ, ಕತ್ತು ಬಟ್ಟೆಯಿಂದ ಮುಚ್ಚಿಕೊಂಡು ಅಲ್ಲಿಂದ ದೂರ ಹೋಗಬೇಕು. ಕೈ ಬೀಸಿ ಹೊಡೆಯಬಾರದು, ಇಳಿಜಾರಿನಲ್ಲಿ ಕಣ್ಣುಮುಚ್ಚಿ ಓಡಲೂಬಾರದು. ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಉಸಿರಾಟ ಕಷ್ಟವಾದರೆ, ತುಟಿ ಊದಿದರೆ, ತುಂಬ ಕಡೆ ಕಚ್ಚಿದ್ದರೆ ನೇರ ಆಸ್ಪತ್ರೆಗೆ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮತ್ತು ಹಿಂಗಾರಿನ ಹೊತ್ತಿನಲ್ಲಿ ಸಿಡಿಲು ಇನ್ನೊಂದು ಭಯ. ಬೋಳುಬಂಡೆಯ ಮೇಲೆ ಎತ್ತರಕ್ಕಿರುವುದು ನೀವೇ. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತಿರವೇ ಇದೆ. ಕೂಡಲೇ ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಿರಿ. ಮಳೆ ಬಿದ್ದ ಬಂಡೆ ತುಂಬ ಜಾರುತ್ತದೆ. ಹಾಗಾಗಿ ಬೆಳಗ್ಗೆ ಬೇಗ ಹತ್ತಿ, ಬಿಸಿಲೇರುವ ಮೊದಲೇ ಇಳಿದುಬಿಡುವ ಲೆಕ್ಕ ಇಟ್ಟುಕೊಳ್ಳಿ.

ಹಾವು ಕಚ್ಚಿದರೆ ಮೇಲೆ ಬಿಗಿಯಾಗಿ ಕಟ್ಟಬೇಕೇ?
– ಓದುಗರು, ಶಿರಸಿ

ಕಟ್ಟಬೇಡಿ. ಕೊಯ್ಯಬೇಡಿ, ಬಾಯಿಯಿಂದ ಹೀರಬೇಡಿ. ಉಂಗುರ, ಕಾಲ್ಗೆಜ್ಜೆ ತೆಗೆಯಿರಿ. ಕಚ್ಚಿದ ಕಾಲಿಗೆ ಎರಡು ಕೋಲು ಇಟ್ಟು ಅಲುಗಾಡದಂತೆ ಸಡಿಲವಾಗಿ ಕಟ್ಟಿ, ಆದಷ್ಟೂ ನಡೆಸದೆ ಹೊತ್ತುಕೊಂಡು ಆಸ್ಪತ್ರೆಗೆ ತನ್ನಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಮಲೆನಾಡಿನ ಕಾಡಿನ ಗುಳಿಮಂಡಲಗಳಿಗೆ ಮಾಡಿದ್ದಲ್ಲ. ಏನು ಕೊಡಬೇಕೆಂದು ಡಾಕ್ಟರು ಲಕ್ಷಣ ನೋಡಿ ತೀರ್ಮಾನಿಸುತ್ತಾರೆ. ಹಾವನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ.

ವಯಸ್ಸು 58. ಮುಳ್ಳಯ್ಯನಗಿರಿ, ತಡಿಯಂಡಮೋಳ್ ಎಲ್ಲ ಆರಾಮಾಗಿ ಹತ್ತಿದ್ದೇನೆ. ಹಿಮಾಲಯಕ್ಕೂ ಹೋಗಬಹುದು ಅಲ್ವಾ?
– ನಿವೃತ್ತ ಬ್ಯಾಂಕ್ ನೌಕರರು, ಬೆಂಗಳೂರು

ಹೋಗಬಹುದು ಸರ್. ಆದರೆ ನಮ್ಮ ಗುಡ್ಡಗಳು ಎತ್ತರದ ಗಾಳಿಯನ್ನು ಕಲಿಸುವುದಿಲ್ಲ. ನಮ್ಮ ರಾಜ್ಯದ ತುತ್ತತುದಿಯೇ ಸುಮಾರು 1930 ಮೀಟರ್. ಮನಾಲಿ ಪೇಟೆಯೇ ಅದಕ್ಕಿಂತ ಎತ್ತರದಲ್ಲಿದೆ. ಎತ್ತರದ ಕಾಯಿಲೆ ಶುರುವಾಗುವುದು ಸಾಮಾನ್ಯವಾಗಿ 2500 ಮೀಟರ್ ದಾಟಿದ ಮೇಲೆ. ತಲೆನೋವು, ವಾಕರಿಕೆ, ಊಟ ಸೇರದಿರುವುದು ಮೊದಲ ಸೂಚನೆ. ಅದು ಇರುವಾಗ ಇನ್ನೂ ಮೇಲೆ ಹೋಗಿ ಮಲಗಬಾರದು. 3000 ಮೀಟರ್ ಆದ ಮೇಲೆ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಎತ್ತರಕ್ಕೆ ಮಲಗುವ ಜಾಗ ಏರಿಸಬಾರದು. ಕುಳಿತಾಗಲೂ ಏದುಸಿರು, ತಡೆಯದ ಕೆಮ್ಮು, ತೂರಾಡುವ ನಡಿಗೆ, ಮಾತಿನಲ್ಲಿ ಗೊಂದಲ ಕಂಡರೆ ರಾತ್ರಿಯಾದರೂ ಸರಿ ಕೆಳಗಿಳಿಸಬೇಕು. ಎತ್ತರದ ಕಾಯಿಲೆಗೆ ತಗೊಳ್ಳುವ ಡಯಮಾಕ್ಸ್ ಮಾತ್ರೆಯನ್ನು ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ಬಿಪಿ, ಶುಗರ್, ಹೃದಯದ ತಪಾಸಣೆ ಹೇಗೂ ಆಗಬೇಕು.

2024ರ ಜೂನ್ ತಿಂಗಳನ್ನು ನಾವ್ಯಾರೂ ಮರೆಯುವಂತಿಲ್ಲ. ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ, ಕರ್ನಾಟಕದವರೇ ಹೆಚ್ಚಾಗಿದ್ದ 22 ಜನರ ತಂಡ ವಾಪಸ್ ಬರುವಾಗ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಜನ ತೀರಿಕೊಂಡರು. ನಡೆದು ಅನುಭವ ಇದ್ದವರು ಅವರಲ್ಲಿದ್ದರು, ನಿಮ್ಮ ವಯಸ್ಸಿನವರೂ ಇದ್ದರು. ಆ ಮನೆಗಳ ನೋವಿನ ಮುಂದೆ ನಾನು ಯಾರನ್ನೂ ದೂರುವುದಿಲ್ಲ. ಎತ್ತರದಲ್ಲಿ ಜೂನ್ ತಿಂಗಳಲ್ಲೂ ಹಿಮ ಸುರಿಯುತ್ತದೆ, ಅದೂ ಇಳಿಯುವ ದಿನವೇ ಬರಬಹುದು ಅನ್ನುವುದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಹೊರಡಬೇಕು ಅನ್ನುತ್ತೇನೆ, ಅಷ್ಟೇ.

ಹಣ ಕಟ್ಟುವ ಮೊದಲು ಆಯೋಜಕರನ್ನು ಕೇಳಿ. ಶಿಖರದ ದಿನ ಟೆಂಟು, ಮಲಗುವ ಚೀಲ ನಮ್ಮ ಹತ್ತಿರ ಇರುತ್ತವಾ, ಕೆಳಗೇ ಬಿಟ್ಟು ಹೋಗುತ್ತೀರಾ? ಎಷ್ಟು ಜನಕ್ಕೆ ಒಬ್ಬ ಗೈಡು? ವೈರ್‌ಲೆಸ್ ಇದೆಯಾ? ಹವಾಮಾನದ ಮುನ್ಸೂಚನೆ ಮೇಲೆ ಹೇಗೆ ತಲುಪುತ್ತದೆ? ಹೆಚ್ಚಿಗೆ ಒಂದು ದಿನ ಇಟ್ಟಿದ್ದೀರಾ? ಸರಿಯಾದ ಉತ್ತರ ಸಿಗದಿದ್ದರೆ ಕಡಿಮೆ ಬೆಲೆಗೆ ಮರುಳಾಗಬೇಡಿ. ತಯಾರಿಗೆ ಅಪಾರ್ಟ್‌ಮೆಂಟಿನ ಮೆಟ್ಟಿಲು ಸಾಕು. ಬೆನ್ನಿಗೆ ಬ್ಯಾಗ್ ಹಾಕಿ ಹತ್ತಿ. ಲಿಫ್ಟ್ ಬೇಡ, ಇಳಿಯುವುದೂ ಮೆಟ್ಟಿಲಿನಲ್ಲೇ.

ನಮ್ಮದು ಸಣ್ಣ ಹೋಂಸ್ಟೇ. ರಾತ್ರಿ ಎಂಟಕ್ಕೆ ಒದ್ದೆಯಾಗಿ, ನಡುಗುತ್ತಾ ಬರುವ ಹುಡುಗರನ್ನು ನೋಡಿ ಕೈಕಾಲೇ ಆಡುವುದಿಲ್ಲ. ಏನು ಮಾಡಬೇಕು?
– ಗೃಹಿಣಿ, ಮೂಡಿಗೆರೆ ತಾಲ್ಲೂಕು

ಮೊದಲು ಒದ್ದೆ ಬಟ್ಟೆ ಪೂರ್ತಿ ಬಿಚ್ಚಿಸಿ, ಒಣ ಕಂಬಳಿ ಹೊದಿಸಿ. ಎದೆ, ಹೊಟ್ಟೆ, ಕಂಕುಳು ಮೊದಲು ಬೆಚ್ಚಗಾಗಬೇಕು. ಬಾಟಲಿಯಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಅಲ್ಲಿಡಿ. ಮರಗಟ್ಟಿದ ಕೈಕಾಲು ಉಜ್ಜುವುದು, ಒಲೆಗೆ ಹಿಡಿಯುವುದು ಬೇಡ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಎಚ್ಚರವಾಗಿದ್ದು ನುಂಗಲು ಆಗುತ್ತಿದ್ದರೆ ಬೆಲ್ಲದ ಬಿಸಿ ಕಾಫಿ ಕೊಡಿ. "ಸ್ವಲ್ಪ ರಮ್ ಹಾಕಿದರೆ ಬೆಚ್ಚಗಾಗುತ್ತೆ" ಅಂತ ಯಾರೇ ಹೇಳಲಿ, ಕೊಡಬೇಡಿ. ಮೈ ಇನ್ನೂ ತಣ್ಣಗಾಗುತ್ತದೆ. ಮಾತು ತೊದಲುತ್ತಿದ್ದರೆ, ಅಂಗಿ ಗುಂಡಿ ಹಾಕಲೂ ಆಗದಿದ್ದರೆ, ನಡುಕ ನಿಂತು ತೂಕಡಿಸುತ್ತಿದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಅದಕ್ಕಿಂತ ಮೊದಲು ಬೆಳಗ್ಗೆಯೇ ಒಂದು ಕೆಲಸ ಮಾಡಿ. ಜಗಲಿಯಲ್ಲಿ ಒಂದು ನೋಟ್‌ಬುಕ್ ಇಡಿ. ಹೋಗುವ ಪ್ರತಿಯೊಬ್ಬರ ಹೆಸರು, ಮನೆಯವರ ಫೋನ್ ನಂಬರ್, ಯಾವ ದಾರಿ, ಎಷ್ಟು ಗಂಟೆಗೆ ವಾಪಸ್, ಎಲ್ಲ ಅವರ ಕೈಯಲ್ಲೇ ಬರೆಸಿ. ಟಾರ್ಚ್ ಇದೆಯಾ ಅಂತ ಕೇಳಿ, ಇಲ್ಲದಿದ್ದರೆ ನಿಮ್ಮದೊಂದು ಕೊಟ್ಟು ಕಳಿಸಿ. ಬರೆದ ಸಮಯಕ್ಕೆ ಒಂದು ಗಂಟೆ ಮೀರಿದರೂ ಬರದಿದ್ದರೆ, ಕಾಯುತ್ತಾ ಕೂರದೆ ಅರಣ್ಯ ಕಚೇರಿಗೂ ದಾರಿ ಬಲ್ಲ ಊರಿನವರಿಗೂ ತಿಳಿಸಿ. ಆ ನಂಬರುಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಬರೆದಿಡಿ.